ಭೋಂಗಾದಿಂದ ಡಬ್ಬಾದವರೆಗೆ: ನಮ್ಮ ಸೀಮೆಯ ಮನೆ-ಡಿಜೆಗಳ ಕಥೆ

ನಮ್ಮ ಕಡೆ ಡಿಜೆ ಅಂದ್ರೆ ಮನುಷ್ಯ ಅಲ್ಲ, ಸಾಮಾನು. "ಮದುವಿಗಿ ಡಿಜೆ ತರಿಸ್ಯಾರ" ಅಂತಾರೆ, "ಡಿಜೆ ಬಂದಾನ" ಅಂತ ಯಾರೂ ಅನ್ನೋದಿಲ್ಲ. ಟ್ರ್ಯಾಕ್ಟರ್ ಟ್ರಾಲಿ ಮೇಲೆ ಗೋಡೆ ಕಟ್ಟಿದಂಗ ಪೇರಿಸಿದ ಕರೀ ಡಬ್ಬಾಗಳು, ಬಣ್ಣದ ಲೈಟು, ಹಿಂದೆ ಜನರೇಟರು, ಇಷ್ಟೂ ಸೇರಿ ಡಿಜೆ. ಆದರೆ ಆ ಪದ ಹುಟ್ಟಿದ್ದು ಮನುಷ್ಯನಿಗೆ ಇಟ್ಟ ಹೆಸರಾಗಿ. 1930ರ ದಶಕದಲ್ಲಿ ಅಮೆರಿಕದ ರೇಡಿಯೋಗಳಲ್ಲಿ ತಟ್ಟೆ ಹಾಕಿ ಹಾಡು ಕೇಳಿಸುವವನನ್ನು ಡಿಸ್ಕ್ ಜಾಕಿ ಅಂದರು. ಅದು ಚಿಕ್ಕದಾಗಿ ಡಿಜೆ ಆಯಿತು.

ನಾನು ಬರೆಯಹೊರಟಿರುವುದು ಟ್ರಾಲಿ ಮೇಲಿನ ಡಿಜೆ ಬಗ್ಗೆ ಅಲ್ಲ. ಜಹೀರಾಬಾದ್, ನಾರಾಯಣಖೇಡ, ತಾಂಡೂರು ಸೀಮೆಯ ಹಳ್ಳಿಗಳಲ್ಲಿ ಮನೆಯ ಮೂಲೆಯಲ್ಲೊಂದು ಸೆಟ್ ಇಟ್ಟುಕೊಂಡು, ರೊಕ್ಕ ಕೂಡಿದಂಗ ಒಂದೊಂದೇ ಸಾಮಾನು ಬದಲಾಯಿಸುತ್ತ ಬಂದವರ ಬಗ್ಗೆ. ನಾನೂ ಅವರಲ್ಲಿ ಒಬ್ಬ, ಇಪ್ಪತ್ತೈದು ವರ್ಷದಿಂದ. ಅಂಗಡಿಗೆ ಹೋಗಿ ಪೂರ್ತಿ ಹೊಸ ಸೆಟ್ ತಂದವರನ್ನು ನನ್ನ ಜೊತೆಯವರಲ್ಲಿ ನಾನು ಕಂಡಿಲ್ಲ. ನಮ್ಮ ಸೆಟ್ಟುಗಳು ಬೆಳೆದದ್ದು ಮನೆ ಬೆಳೆದ ಹಾಗೆ: ಮೊದಲು ಒಂದು ಖೋಲಿ, ಆಮೇಲೆ ಪಡಸಾಲೆ, ಬೆಳೆ ಚೊಲೋ ಬಂದ ವರ್ಷ ಮೇಲೊಂದು ಪತ್ರಾ.

ಈ ಸೀಮೆಗೆ ಇನ್ನೊಂದು ಸಂಗತಿ ಅದ. ನಿಜಾಮರ ಕಾಲದಲ್ಲಿ ಜಹೀರಾಬಾದ್, ನಾರಾಯಣಖೇಡ ಎರಡೂ ಬೀದರ ಜಿಲ್ಲೆಯೊಳಗಿದ್ದವು, ತಾಂಡೂರು ಗುಲ್ಬರ್ಗ ಜಿಲ್ಲೆಯೊಳಗಿತ್ತು. 1956ರ ನವೆಂಬರ್ 1ರಂದು ಗೆರೆ ಎಳೆದಾಗ ಇವು ಆಂಧ್ರಕ್ಕೆ ಬಂದವು, 2014ರಿಂದ ತೆಲಂಗಾಣ. ಕಚೇರಿ ತೆಲುಗು ಆಯಿತು, ಬಜಾರದಲ್ಲಿ ಉರ್ದು-ಹಿಂದಿ ಮೊದಲಿನಂತೆ ಇತ್ತು, ಕನ್ನಡ ಮನೆಯೊಳಗೆ ಉಳಿಯಿತು. ಹಾಗಾಗಿ ಇಲ್ಲಿ ಸೆಟ್ ಯಾರ ಕೈಯಲ್ಲಿದೆ ಅನ್ನುವುದು ಬರೀ ಗದ್ದಲದ ಮಾತಲ್ಲ. ಮದುವೆಯ ಹಂದರದಲ್ಲಿ ಯಾವ ಭಾಷೆಯ ಹಾಡು ಕೇಳುತ್ತದೆ ಅನ್ನುವುದು ಅದರಿಂದಲೇ ತೀರ್ಮಾನ ಆಗುತ್ತದೆ. ನಿಜಾಮರ ಕಾಲದ ಹೈದರಾಬಾದ್ ರೇಡಿಯೋ ಉರ್ದು, ತೆಲುಗು, ಮರಾಠಿ, ಕನ್ನಡ ನಾಲ್ಕರಲ್ಲೂ ಮಾತಾಡುತ್ತಿತ್ತು. ಗೆರೆ ಎಳೆದ ಮೇಲೆ, 1966ರಲ್ಲಿ ಕಲಬುರಗಿ ಆಕಾಶವಾಣಿ ಶುರುವಾಯಿತು. ಗಾಳಿಗೆ ಗೆರೆ ಇಲ್ಲವಲ್ಲ, ನಮ್ಮ ಹಿರಿಯರು ಅದಕ್ಕೇ ಮುಳ್ಳು ತಿರುಗಿಸಿ ಇಟ್ಟಿರುತ್ತಿದ್ದರು.

ಡಿಜೆಗಿಂತ ಮೊದಲು ಇದ್ದದ್ದು ಮೈಕ್ ಸೆಟ್. ಒಂದು ಆಂಪ್ಲಿಫೈಯರ್ (ನಾವು ಬರೀ ಮಷಿನ್ ಅಂತಿದ್ವಿ), ಒಂದು ಮೈಕು, ಗಿಡಕ್ಕೋ ಮಾಳಿಗೆಗೋ ಕಟ್ಟಿದ ಎರಡು ಭೋಂಗಾ. ಮಷಿನ್ ಮೇಲೆ ಬಹುತೇಕ ಅಹುಜಾ ಅಂತ ಬರೆದಿರುತ್ತಿತ್ತು. ದೆಹಲಿಯ ಆ ಕಂಪನಿ 1940ರಿಂದ ಇದೇ ಕೆಲಸ ಮಾಡುತ್ತಿದೆ. ಭಜನಿ, ಜಾತ್ರೆ, ಎಲೆಕ್ಷನ್, ಎಲ್ಲಕ್ಕೂ ಅದೇ ಸೆಟ್ಟು. ಮೂವತ್ತು ನಲವತ್ತು ವ್ಯಾಟಿನ ಮಷಿನ್ ಇಡೀ ಊರಿಗೆ, ಗಾಳಿ ಬೀಸಿದರೆ ಪಕ್ಕದ ಊರಿಗೂ ಕೇಳುತ್ತಿತ್ತು. ಇವತ್ತು ಸಾವಿರ ವ್ಯಾಟ್ ಅಂತ ಬರೆದ ಡಬ್ಬಾ ಮನೆಯ ಅಂಗಳ ದಾಟೋದು ಕಷ್ಟ. ಯಾಕೆ?

ಇದನ್ನು ತಿಳಿಯದೆ ಬಹಳ ಮಂದಿ ರೊಕ್ಕ ಹಾಳು ಮಾಡ್ಯಾರ, ಅದಕ್ಕೆ ಸ್ವಲ್ಪ ಬಿಡಿಸಿ ಹೇಳ್ತೀನಿ. ಸ್ಪೀಕರಿಗೆ ಒಂದು ವ್ಯಾಟ್ ಕೊಟ್ಟು ಒಂದು ಮೀಟರ್ ದೂರ ನಿಂತರೆ ಎಷ್ಟು ಡೆಸಿಬೆಲ್ ಸಪ್ಪಳ ಬರುತ್ತದೆ ಅನ್ನುವುದು ಅದರ ಗುಣ. ಮನೆಯ ಸಣ್ಣ ಸ್ಪೀಕರಿಗೆ ಅದು ಸುಮಾರು 87 ಇರುತ್ತದೆ, ಒಳ್ಳೆ ಹನ್ನೆರಡು ಇಂಚಿನದಕ್ಕೆ 97, ಭೋಂಗಾಕ್ಕೆ 105ರ ಮೇಲೆ. ಮಷಿನ್ ವ್ಯಾಟ್ ಎರಡರಷ್ಟು ಮಾಡಿದರೆ ಹೆಚ್ಚಾಗುವುದು ಬರೀ 3 ಡೆಸಿಬೆಲ್. ಕಿವಿಗೆ ಎರಡು ಪಟ್ಟು ಜೋರು ಅನಿಸಬೇಕಾದರೆ ಸುಮಾರು 10 ಡೆಸಿಬೆಲ್ ಬೇಕು, ಅಂದರೆ ವ್ಯಾಟ್ ಹತ್ತು ಪಟ್ಟು. 87ರ ಸ್ಪೀಕರಿಗೆ 100 ವ್ಯಾಟ್ ಕೊಟ್ಟರೆ ಬರುವ ಸಪ್ಪಳ 97ರ ಸ್ಪೀಕರಿಗೆ 10 ವ್ಯಾಟಿನಲ್ಲೇ ಬರುತ್ತದೆ. ಭೋಂಗಾದ ಗುಟ್ಟು ಇದೇ. ಅದರ ಕುಂದೂ ಅಲ್ಲೇ ಇತ್ತು: ಮಾತು ಸ್ಪಷ್ಟ, ಬೇಸ್ ಇಲ್ಲ. ಢೋಲಕಿನ ಎಡಗೈ ಪೆಟ್ಟು ಭೋಂಗಾದೊಳಗೆ ಸತ್ತೇ ಹೋಗುತ್ತಿತ್ತು. ಮುಂದೆ ಡಬ್ಬಾಗಳು ಬಂದಾಗ ಜನ ಮರುಳಾದದ್ದು ಜೋರಿಗೆ ಅಲ್ಲ, ಎದೆಗೆ ಬಡಿಯುವ ಆ ಎಡಗೈ ಪೆಟ್ಟಿಗೆ.

ಮೈಕ್ ಸೆಟ್ ಊರಿಗೊಂದು ಇರುತ್ತಿತ್ತು, ಅದೂ ಅನುಕೂಲಸ್ಥರ ಮನೆಯಲ್ಲಿ. ಮನೆಮನೆಗೆ ಸಂಗೀತ ತಂದದ್ದು ಕ್ಯಾಸೆಟ್. ಫಿಲಿಪ್ಸ್ ಕಂಪನಿ ಅದನ್ನು 1963ರಲ್ಲೇ ತೋರಿಸಿತ್ತು, ನಮ್ಮಲ್ಲಿಗೆ ಬರಲು ಇಪ್ಪತ್ತು ವರ್ಷ ಹಿಡಿಯಿತು. ಗಲ್ಫ್‌ಗೆ ದುಡಿಯಲು ಹೋದವರು ಟೂ-ಇನ್-ಒನ್ ತಂದರು. 80ರ ದಶಕದಲ್ಲಿ ಗುಲ್ಶನ್ ಕುಮಾರರ ಟಿ-ಸೀರೀಸ್ ಕ್ಯಾಸೆಟ್ಟಿನ ಬೆಲೆ ಇಳಿಸಿತು. ಜಹೀರಾಬಾದಿನ ಅಂಗಡಿಯಲ್ಲಿ ತೆಲುಗು, ಹಿಂದಿ ಕ್ಯಾಸೆಟ್ ರಾಶಿ. ಕನ್ನಡದ್ದು ಬೇಕೆಂದರೆ ಬೀದರಕ್ಕೆ ಹೋಗಬೇಕು, ಮೂವತ್ತು ಕಿಲೋಮೀಟರ್. ನಮ್ಮ ಸೋದರಮಾವ ಬೀದರ ಸಂತೆಗೆ ಹೊರಟರೆ, "ಮಾವಾ, ಒಂದು ತತ್ವಪದದ ಕ್ಯಾಸೆಟ್ ತಗೊಂಡು ಬರ್ರಿ" ಅಂತ ಹಿಂದೆ ಬೀಳುತ್ತಿದ್ದೆ. ಅವರು ಖಾಲಿ ಕ್ಯಾಸೆಟ್ಟೂ ಒಂದು ತರುತ್ತಿದ್ದರು. ಅದರ ಮಾತು ಮುಂದೆ ಬರುತ್ತದೆ.

ಟೇಪಿನ ಸಪ್ಪಳ ಮದುವೆಗೆ ಸಾಲದು. ಆಗ ಶುರುವಾಯಿತು ಜೋಡಿಸುವ ಕಾಲ. ಹೈದರಾಬಾದಿನ ಕೋಠಿಯಲ್ಲಿ ಗುಜರಾತಿ ಗಲ್ಲಿ ಅಂತ ಅದ. ಟ್ರಾನ್ಸಿಸ್ಟರ್, ಕಂಡೆನ್ಸರ್, ಟ್ರಾನ್ಸ್‌ಫಾರ್ಮರ್ ಎಲ್ಲ ಬಿಡಿಬಿಡಿಯಾಗಿ ಸಿಗುವ ಜಾಗ. ನಮ್ಮ ಸೀಮೆಯ ರೇಡಿಯೋ ರಿಪೇರಿಯವರು ಅಲ್ಲಿಂದ ಸಾಮಾನು ತಂದು ಪತ್ರಾದ ಡಬ್ಬಿಯೊಳಗೆ ಆಂಪ್ಲಿ ಕಟ್ಟಿಕೊಡುತ್ತಿದ್ದರು. ದೊಡ್ಡದು ಬೇಕಾದವರಿಗೆ 2ಎನ್3055 ಟ್ರಾನ್ಸಿಸ್ಟರಿನದು, ಬಡವರಿಗೆ ಜಪಾನಿನ ಸಾನ್ಯೋ ಕಂಪನಿಯ ಎಲ್‌ಎ4440 ಅನ್ನುವ ಐಸಿಯದು. ಈ ಐಸಿಗೆ ನಮ್ಮ ಸೀಮೆ ನಿಜಕ್ಕೂ ಋಣಿ. ಅದು 12 ವೋಲ್ಟಿನ ಮೇಲೆ ನಡೆಯುತ್ತದೆ. ಆಗ ರಾತ್ರಿ ಕರೆಂಟ್ ನಂಬುವ ಹಾಗಿರಲಿಲ್ಲ. ಟ್ರ್ಯಾಕ್ಟರಿನ ಬ್ಯಾಟರಿ ಬಿಚ್ಚಿ ತಂದರೆ ಬೆಳತನಕ ಹಾಡು. ಎರಡು ಕಡೆ ಆರಾರು ವ್ಯಾಟ್, ಬ್ರಿಡ್ಜ್ ಮಾಡಿದರೆ ಹತ್ತೊಂಬತ್ತು, ಅಷ್ಟೇ ಅದರ ಶಕ್ತಿ. ನನ್ನ ಮೊದಲ ಆಂಪ್ಲಿ ಅದೇ. ಅದೇ ಹೊತ್ತಿಗೆ ಅಂಗಡಿಯಲ್ಲಿ ಹೊಳೆಯುವ ಸೆಟ್ಟುಗಳ ಮೇಲೆ ಪಿಎಂಪಿಒ 2000 ವ್ಯಾಟ್, 3000 ವ್ಯಾಟ್ ಅಂತ ಅಂಟಿಸಿರುತ್ತಿದ್ದರು. ಒಂದು ಕ್ಷಣ ಚಿಮ್ಮುವ ಶಕ್ತಿಯನ್ನು ಹಿಗ್ಗಿಸಿ ಬರೆದ ಲೆಕ್ಕ ಅದು, ಎತ್ತಿನ ಬಲವನ್ನು ಅದು ಬೆದರಿ ಓಡಿದಾಗ ಅಳೆದಂಗ.

ಹೊಸ ಶತಮಾನ ಬಂದಾಗ ಚೀನಾದ ವಿಸಿಡಿ ಪ್ಲೇಯರ್ ಬಂತು, ಒಂದೇ ತಟ್ಟೆಯಲ್ಲಿ ನೂರೈವತ್ತು ಎಂಪಿ3 ಹಾಡು. 2001ರಲ್ಲಿ ಪಯೋನಿಯರ್ ಕಂಪನಿ ಸಿಡಿಜೆ-1000 ಅನ್ನುವ ಯಂತ್ರ ಬಿಟ್ಟಿತು, ಪಟ್ಟಣದ ಡಿಜೆಗಳಿಗೆ. ನಮಗೆ ಅದರ ಚಿತ್ರ ನೋಡುವ ಯೋಗವೂ ಇರಲಿಲ್ಲ. ಎರಡು ವಿಸಿಡಿ ಪ್ಲೇಯರು, ನಡುವೆ ಭಜನಿ ಮಂಡಳಿಯ ಹಳೇ ಮಿಕ್ಸರು ಇಟ್ಟು ಅದೇ ಕೆಲಸ ಮಾಡಿದೆವು. ಒಂದು ಹಾಡು ಮುಗಿಯುವ ಮೊದಲೇ ಇನ್ನೊಂದನ್ನು ಒಳಗೆ ಬಿಡುವ ಕೆಲಸ. ಮೆಮೊರಿ ಕಾರ್ಡಿನ ಕಾಲದಲ್ಲಿ ಮೊಬೈಲ್ ಅಂಗಡಿಯವರು ಹಾಡು ತುಂಬಿಕೊಡುತ್ತಿದ್ದರು. ಮತ್ತೆ ಅದೇ ಕಥೆ, ಕನ್ನಡದ್ದು ಬೇಕಾದರೆ ಬೀದರ.

ಆದರೆ ಮನೆಯ ಸೆಟ್ಟಿಗೆ ದೊಡ್ಡ ಕೊರತೆ ಇದ್ದದ್ದು ಬೇರೆ ಕಡೆ. ಮುಂದಿನ ಹಾಡನ್ನು ಮಂದಿಗೆ ಕೇಳಿಸದೆ, ಹೆಡ್‌ಫೋನಿನಲ್ಲಿ ತಾನೊಬ್ಬನೇ ಕೇಳಿ ತಾಳ ಹೊಂದಿಸಿಕೊಳ್ಳಬೇಕು. ಇದಕ್ಕೆ ಕ್ಯೂ ಅಂತಾರೆ. ಇದಿಲ್ಲದಿದ್ದರೆ ಅವನು ಡಿಜೆ ಅಲ್ಲ, ಗುಂಡಿ ಒತ್ತುವವನು. ಈ ಕೊರತೆ ಅಮೆರಿಕದವರಿಗೂ ಇತ್ತು ಅಂತ ಆಮೇಲೆ ಓದಿದಾಗ ನನಗೆ ಖುಷಿ ಆಯಿತು. ನ್ಯೂಯಾರ್ಕಿನ ಬ್ರಾಂಕ್ಸ್ ಅನ್ನುವ ಬಡ ಬಡಾವಣೆಯಲ್ಲಿ, 1973ರ ಆಗಸ್ಟ್ 11ರಂದು ಜಮೈಕಾದಿಂದ ಬಂದ ಕೂಲ್ ಹರ್ಕ್ ಅನ್ನುವ ಹುಡುಗ ತನ್ನ ತಂಗಿಯ ಶಾಲೆ ಬಟ್ಟೆಗೆ ರೊಕ್ಕ ಎತ್ತಲು ಒಂದು ಪಾರ್ಟಿ ಇಟ್ಟ. ಹಿಪ್-ಹಾಪ್ ಹುಟ್ಟಿದ ದಿನ ಅಂತ ಇವತ್ತು ಅದನ್ನೇ ಲೆಕ್ಕ ಹಿಡಿಯುತ್ತಾರೆ. ಅದೇ ಬಡಾವಣೆಯ ಗ್ರ್ಯಾಂಡ್‌ಮಾಸ್ಟರ್ ಫ್ಲ್ಯಾಶ್ ಕಸುಬು ಕಲಿಸುವ ಶಾಲೆಯಲ್ಲಿ ಎಲೆಕ್ಟ್ರಾನಿಕ್ಸ್ ಓದಿದವನು. ಗುಜರಿ ಸಾಮಾನು ಆಯ್ದು ತಂದು, ಎರಡು ತಟ್ಟೆಗಳ ನಡುವೆ ಹೆಡ್‌ಫೋನ್ ಹೊರಳಿಸುವ ಸ್ವಿಚ್ಚನ್ನು ತಾನೇ ಕಟ್ಟಿಕೊಂಡ. ಎರ್ರಗಡ್ಡದ ಭಾನುವಾರದ ಗುಜರಿ ಸಂತೆಯಲ್ಲಿ ಮಂಡಿಯೂರಿ ಸಾಮಾನು ಆರಿಸಿದವರಿಗೆ ಇದು ಬೇರೆ ದೇಶದ ಕಥೆ ಅನಿಸೋದಿಲ್ಲ.

ಇವತ್ತು ಆ ಸ್ವಿಚ್ ಕಟ್ಟಬೇಕಾಗಿಲ್ಲ. ನಮ್ಮ ಊರಿನ ಹುಡುಗರು "ಕಾಕಾ, ಹತ್ತು ಸಾವಿರ ಅದ, ಏನ್ ತಗೊಳ್ಳಲಿ?" ಅಂತ ಬಂದರೆ ನಾನು ಮೊದಲು ಹೇಳೋದು, ಆಂಪ್ಲಿ ಕೊಳ್ಳಬ್ಯಾಡ. ಹಳೇ ಲ್ಯಾಪ್‌ಟಾಪಿನಲ್ಲಿ ಮಿಕ್ಸ್ ಅನ್ನುವ ಪುಕ್ಕಟೆ ಸಾಫ್ಟ್‌ವೇರ್ ಹಾಕು. ಲ್ಯಾಪ್‌ಟಾಪಿನ ಹೆಡ್‌ಫೋನ್ ತೂತಿನ ಜೊತೆಗೆ ಸಣ್ಣದೊಂದು ಯುಎಸ್‌ಬಿ ಸೌಂಡ್ ಕಾರ್ಡ್ ಸಿಕ್ಕಿಸಿದರೆ ಎರಡು ದಾರಿ ಆದವು: ಒಂದು ಆಂಪ್ಲಿಗೆ, ಒಂದು ನಿನ್ನ ಕಿವಿಗೆ. ಅದಕ್ಕೂ ರೊಕ್ಕ ಇಲ್ಲದಿದ್ದರೆ ಕವಲು ವೈರು ತಂದು ಎಡಗಡೆಯ ಸಪ್ಪಳ ಮಂದಿಗೆ, ಬಲಗಡೆಯದು ಹೆಡ್‌ಫೋನಿಗೆ ಬಿಡು. ಸ್ಟೀರಿಯೋ ಹೋಗುತ್ತದೆ, ಹಂದರದಲ್ಲಿ ಕುಣಿಯೋರಿಗೆ ಅದು ತಿಳಿಯೋದೂ ಇಲ್ಲ. ಗುಂಯ್ ಅನ್ನುವ ಸಪ್ಪಳ ಬಂದರೆ ಹೊಸ ಮಿಕ್ಸರಿಗೆ ಓಡಬ್ಯಾಡ. ಚಾರ್ಜರ್ ಕಿತ್ತು ಬ್ಯಾಟರಿ ಮೇಲೆ ನಡೆಸಿ ನೋಡು, ಬಹಳ ಸಲ ಅರ್ಥಿಂಗಿನ ತಕರಾರೇ ಆಗಿರುತ್ತದೆ.

ಎರಡನೇ ರೊಕ್ಕ ಸ್ಪೀಕರಿಗೆ, ಮೂರನೇದು ಡಬ್ಬಾದ ಕಟ್ಟಿಗೆಗೆ. ಭೂಸಾ ಒತ್ತಿ ಮಾಡಿದ ಹಲಗೆ ಒಂದು ಮಳೆಗಾಲಕ್ಕೆ ಉಬ್ಬುತ್ತದೆ, 18 ಮಿ.ಮೀ. ಪ್ಲೈವುಡ್ ತಂದು ಬಡಗಿಯ ಕಡೆಯಿಂದ ಕೂಡಿಸಬೇಕು, ಸಂದಿ ಒಂದೂ ಬಿಡದೆ. ಒಳಗೆ ಹೊದಿಸಲು ನಾನು ಹರಿದ ಕೌದಿ ಹಾಕಿದ್ದೀನಿ, ಅಂಗಡಿಯ ಫೋಮಿಗಿಂತ ಕಡಿಮೆ ಏನಿಲ್ಲ. ಆಂಪ್ಲಿ ಕಡೇಗೆ. ಆದರೆ ಸಣ್ಣ ಆಂಪ್ಲಿಯನ್ನು ಪೂರಾ ತಿರುಗಿಸಿ ಕಿರುಚಿಸಬಾರದು. ಟ್ವೀಟರ್ ಸುಡುವುದು ದೊಡ್ಡ ಆಂಪ್ಲಿಯಿಂದ ಮಾತ್ರ ಅಲ್ಲ, ಹೀಗೆ ಒಡೆದ ಸಪ್ಪಳದಿಂದಲೂ ಸುಡುತ್ತದೆ.

ಈಗ ಆ ಖಾಲಿ ಕ್ಯಾಸೆಟ್ಟಿನ ಮಾತು. ನಮ್ಮ ಅಜ್ಜಿ ಹಾಡುತ್ತಿದ್ದ ಸುರಗಿ ಸುತ್ತುವ ಪದ, ಬೀಗರನ್ನು ಹಂಗಿಸುವ ಪದ, ಬೀಸುವ ಪದ ಎಲ್ಲ ಅದರಲ್ಲಿ ತುಂಬಿಕೊಂಡಿದ್ದೆ, ಮೂರು ಕ್ಯಾಸೆಟ್. ಎಲ್ಲ ಸಾಮಾನು ಬದಲಾದರೂ ಟೇಪ್ ಡೆಕ್ ಮಾತ್ರ ಮಾರಲಿಲ್ಲ. ಸೌಂಡ್ ಕಾರ್ಡ್ ಬಂದ ಮೇಲೆ ಡೆಕ್ಕಿನಿಂದ ವೈರು ಎಳೆದು ಮೂರನ್ನೂ ಲ್ಯಾಪ್‌ಟಾಪಿಗೆ ಇಳಿಸಿದೆ. ಅರವತ್ತು ನಿಮಿಷದ ಕ್ಯಾಸೆಟ್ಟಿಗೆ ಅರವತ್ತು ನಿಮಿಷವೇ ಬೇಕು, ಅದರಲ್ಲಿ ಅವಸರ ನಡೆಯೋದಿಲ್ಲ. ಅಜ್ಜಿ ಇವತ್ತಿಲ್ಲ. ಬೀಗರ ಪದಕ್ಕೆ ಹಲಗಿಯ ತಾಳ ಕೂಡಿಸಿ ನಾನು ಮದುವೆಗಳಲ್ಲಿ ಹಾಕುತ್ತೇನೆ. ಬರೀ ತೆಲುಗು ಹಾಡಿಗೆ ಕುಣಿಯುವ ಹುಡುಗಿಯರು ಅದು ಬಂದಾಗ ನಿಂತು, ಮಾತು ಕಿವಿಗೆ ಬಿದ್ದ ಮೇಲೆ ನಗುತ್ತಾರೆ. ಯಾವ ಕಂಪನಿಯ ಪಟ್ಟಿಯಲ್ಲೂ ಸಿಗದ ಹಾಡು ಅದು.

ಈ ದಾರಿಯಲ್ಲಿ ನಮಗಿಂತ ಮುಂದೆ ನಡೆದವರು ಜಹೀರಾಬಾದ್ ಹತ್ತಿರದ ಮಾಚನೂರಿನ ಹೆಣ್ಣುಮಕ್ಕಳು. ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಸಂಘಂ ರೇಡಿಯೋ ಅಲ್ಲಿ 1998ರಲ್ಲೇ ಸಿದ್ಧವಾಗಿತ್ತು, ಯುನೆಸ್ಕೋದ ನೆರವಿತ್ತು. ಸರಕಾರದ ಲೈಸೆನ್ಸ್ ಸಿಕ್ಕಿರಲಿಲ್ಲ. ದಲಿತ ರೈತ ಹೆಂಗಸರು ಸುಮ್ಮನೆ ಕೂಡಲಿಲ್ಲ. ಬೀಜದ ಮಾತು, ಹಾಡು, ಕಥೆ ಎಲ್ಲ ಕ್ಯಾಸೆಟ್ಟಿಗೆ ತುಂಬಿ ಊರೂರಿನ ಸಂಘಗಳಲ್ಲಿ ಕೇಳಿಸಿದರು, ಹತ್ತು ವರ್ಷ. 2008ರ ಅಕ್ಟೋಬರ್ 15ರಂದು 90.4ರಲ್ಲಿ ಗಾಳಿಗೆ ಬಿಟ್ಟರು. ಅವರ ಭಾಷೆ ತೆಲುಗು, ಆದರೆ ಅವರು ಮಾಡಿದ್ದು ನಮಗೂ ಪಾಠ: ಟ್ರಾನ್ಸ್‌ಮಿಟರ್ ಬರೋ ತನಕ ಕಾಯಲಿಲ್ಲ, ದನಿ ಮೊದಲು ಕೂಡಿಟ್ಟರು.

ಟ್ರಾಲಿ ಡಿಜೆ ಬಂದ ಮೇಲೆ ಊರಿಗೆ ಒಳ್ಳೆಯದಷ್ಟೇ ಆಗಿಲ್ಲ, ಅದನ್ನೂ ಬರೆಯಬೇಕು. ಹಲಗಿ ಬಾರಿಸುವ ಮನೆತನಗಳಿಗೆ ಕರೆ ಕಡಿಮೆ ಆಗ್ಯಾವ. ಒಂದು ಮೆರವಣಿಗೆಗೆ ಹತ್ತು ಮಂದಿಗೆ ಹಂಚಿ ಹೋಗುತ್ತಿದ್ದ ಕೂಲಿ ಈಗ ಒಬ್ಬ ಟ್ರಾಲಿ ಮಾಲಕನ ಕಿಸೆಗೆ ಹೋಗುತ್ತದೆ. ಕಿವಿಯ ಲೆಕ್ಕವೂ ಅದ: 85 ಡೆಸಿಬೆಲ್ ಎಂಟು ತಾಸು ತಡೆಯಬಹುದು, ಮೇಲೆ ಪ್ರತಿ 3ಕ್ಕೆ ಹೊತ್ತು ಅರ್ಧ ಆಗುತ್ತ ಹೋಗುತ್ತದೆ, 100ಕ್ಕೆ ಬರೀ ಹದಿನೈದು ನಿಮಿಷ. 2000ದ ಶಬ್ದ ಮಾಲಿನ್ಯ ನಿಯಮ ವಾಸದ ಕಡೆ ಹಗಲು 55, ರಾತ್ರಿ 45 ಅಂತ ಹೇಳುತ್ತದೆ, ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಬಯಲಲ್ಲಿ ಧ್ವನಿವರ್ಧಕ ನಿಷೇಧ. 2024ರ ಅಕ್ಟೋಬರಿನಲ್ಲಿ ಹೈದರಾಬಾದ್ ಪೊಲೀಸರು ಧಾರ್ಮಿಕ ಮೆರವಣಿಗೆಗಳಲ್ಲಿ ಡಿಜೆಯನ್ನೇ ನಿಲ್ಲಿಸಿದರು. ನನ್ನ ಕೇಳಿದರೆ ಅದು ಸರಿಯೇ. ಸಾಲ ತಂದು ಗೋಡೆ ಕಟ್ಟಿದವರಿಗೆ ಪೆಟ್ಟು ಬಿತ್ತು, ಅದೂ ಖರೆ. ಮನೆಯಲ್ಲಿ ಎರಡು ಡಬ್ಬಾ ಇಟ್ಟುಕೊಂಡವರಿಗೆ ಅದರಿಂದ ಏನೂ ಆಗಲಿಲ್ಲ; ಅಂಗಳದ ಮದುವೆ, ಸೀಮಂತ, ಕುಬಸಕ್ಕೆ ಈಗ ನಮ್ಮನ್ನೇ ಹುಡುಕಿಕೊಂಡು ಬರುತ್ತಾರೆ.

ಈ ವರ್ಷ ಕಬ್ಬಿನ ಬಿಲ್ಲು ಕೈಗೆ ಬಂದರೆ ನನ್ನ ಎರಡು ಹನ್ನೆರಡು ಇಂಚಿನ ಸ್ಪೀಕರುಗಳ ಕೋನ್ ಬದಲಾಯಿಸಬೇಕು. ಚುಂಬಕ ಇನ್ನೂ ಗಟ್ಟಿ ಅದ. ಆಂಪ್ಲಿ ಹಳೇದೇ ಇರಲಿ.