ಕೆಮ್ಮಿನ ಮದ್ದಾಗಿ ಬಂದ ಹೆರಾಯಿನ್

ಹಬ್ಬದ ಪಾಯಸಕ್ಕೆ ಹಾಕುವ ಗಸಗಸೆಯನ್ನು ನೀವೆಲ್ಲ ಬಲ್ಲಿರಿ. ಆ ಬೀಜದಲ್ಲಿ ಅಮಲಿನ ಅಂಶ ಇಲ್ಲವೆನ್ನುವಷ್ಟು ಕಡಿಮೆ. ಆದರೆ ಅದೇ ಗಿಡದ ಎಳೆಗಾಯಿಯನ್ನು ಗೀರಿದಾಗ ಒಸರುವ ಹಾಲು ಒಣಗಿದರೆ ಅಫೀಮು. ನೋವು ಮರೆಸಲು, ಭೇದಿ ನಿಲ್ಲಿಸಲು ವೈದ್ಯರು ಶತಮಾನಗಳ ಕಾಲ ಅದನ್ನು ಬಳಸಿದರು. ಅದಕ್ಕೆ ಅಂಟಿಕೊಂಡವರು ಬಿಡಲಾರದೆ ಒದ್ದಾಡುವುದನ್ನೂ ಕಂಡಿದ್ದರು.

ಚಟವಿಲ್ಲದೆ ಈ ಗುಣವನ್ನಷ್ಟೇ ಪಡೆಯುವುದು ಹೇಗೆ? 1805ರ ಸುಮಾರಿಗೆ ಜರ್ಮನಿಯ ಔಷಧದಂಗಡಿಯೊಂದರ ತರುಣ ಸಹಾಯಕ ಫ್ರೆಡ್ರಿಕ್ ಸೆರ್ಟ್ಯೂರ್ನರ್ ಅಫೀಮಿನ ಸಾರವನ್ನು ಬೇರ್ಪಡಿಸಿದ. ಅದೇ ಮಾರ್ಫಿನ್. ಅಫೀಮಿನ ಚಟ ಬಿಡಿಸಲು ಮಾರ್ಫಿನ್ ಕೊಟ್ಟ ವೈದ್ಯರೂ ಇದ್ದರು! 1850ರ ದಶಕದಲ್ಲಿ ಚುಚ್ಚುಮದ್ದಿನ ಸೂಜಿ ಬಂದಾಗ, ಹೊಟ್ಟೆಗೆ ಹೋಗದ ಮದ್ದು ಚಟ ಹಿಡಿಸದೆಂದು ಕೆಲವರು ನಂಬಿದರು.

ಆ ಬಳಿಕ ಬಂದದ್ದು ಹೆರಾಯಿನ್. ಮಾರ್ಫಿನ್‌ನಿಂದ ಇದನ್ನು ಮೊದಲು ತಯಾರಿಸಿದವರು ಲಂಡನ್ನಿನ ಆಲ್ಡರ್ ರೈಟ್, 1874ರಲ್ಲಿ. ಆಗ ಯಾರೂ ಅಷ್ಟಾಗಿ ಗಮನಿಸಲಿಲ್ಲ. 1897ರ ಆಗಸ್ಟಿನಲ್ಲಿ ಜರ್ಮನಿಯ ಬೇಯರ್ ಕಂಪನಿಯ ಫೆಲಿಕ್ಸ್ ಹಾಫ್‌ಮನ್ ಇದನ್ನು ಮತ್ತೆ ತಯಾರಿಸಿದ. ಆಸ್ಪಿರಿನ್ ತಯಾರಿಸಿ ಆಗ ಎರಡು ವಾರವೂ ಆಗಿರಲಿಲ್ಲ. ಕ್ಷಯ, ನ್ಯುಮೋನಿಯಾಗಳಿಗೆ ತಕ್ಕ ಚಿಕಿತ್ಸೆಯೇ ಇಲ್ಲದ ಕಾಲವದು. ಕೆಮ್ಮು ನಿಂತರೆ ಸಾಕು ಎಂದು ರೋಗಿಗಳು ಹಂಬಲಿಸುತ್ತಿದ್ದರು. 1898ರಿಂದ ಹೆರಾಯಿನ್ ಕೆಮ್ಮಿನ ಮದ್ದಾಗಿ ಮಾರಾಟವಾಯಿತು. ಇದು ಮಾರ್ಫಿನ್‌ನಂತೆ ಚಟ ಹಿಡಿಸದು ಎಂಬುದೇ ಅದರ ಹೆಗ್ಗಳಿಕೆ.

ನಡೆದದ್ದು ತದ್ವಿರುದ್ಧ. ಹೆರಾಯಿನ್ ಮಾರ್ಫಿನ್‌ಗಿಂತ ಬೇಗ ಮಿದುಳನ್ನು ಹೊಕ್ಕು, ಅಲ್ಲಿ ಮತ್ತೆ ಮಾರ್ಫಿನ್ ಆಗಿಯೇ ಮಾರ್ಪಡುತ್ತದೆ. ಹಳೆಯ ಶತ್ರುವೇ ವೇಗದ ಕುದುರೆಯೇರಿ ಬಂದಂತೆ. ಬೇಯರ್ 1913ರಲ್ಲಿ ಉತ್ಪಾದನೆ ನಿಲ್ಲಿಸಿತು; ಅಮೆರಿಕ 1924ರಲ್ಲಿ ತಯಾರಿಕೆಯನ್ನೇ ನಿಷೇಧಿಸಿತು. ನಮ್ಮಲ್ಲಿ ಇದರ ಕಲಬೆರಕೆ ರೂಪ ‘ಬ್ರೌನ್ ಶುಗರ್’ 1980ರ ದಶಕದಲ್ಲಿ ನಗರಗಳಿಗೆ ಹಬ್ಬಿತು. 1985ರಲ್ಲಿ ಮಾದಕ ವಸ್ತುಗಳ ಕಠಿಣ ಕಾಯಿದೆ ಬಂತು.

ಇಷ್ಟಾದ ಮೇಲಾದರೂ ಆ ಹಳೆಯ ಭರವಸೆಯನ್ನು ಯಾರೂ ನಂಬಬಾರದಿತ್ತು. 1996ರಲ್ಲಿ ಅಮೆರಿಕದ ಪರ್ಡ್ಯೂ ಕಂಪನಿ ಆಕ್ಸಿಕಾಂಟಿನ್ ಎಂಬ ನೋವಿನ ಮಾತ್ರೆಯನ್ನು ಮಾರುಕಟ್ಟೆಗೆ ತಂದು, ಇದರಿಂದ ಚಟದ ಅಪಾಯ ಕಡಿಮೆ ಎಂದು ಪ್ರಚಾರ ಮಾಡಿತು. ಅದೂ ಅಫೀಮಿನ ವಂಶದ್ದೇ. ತಪ್ಪು ಮಾಹಿತಿ ಕೊಟ್ಟದ್ದನ್ನು ಕಂಪನಿ 2007ರಲ್ಲಿ ನ್ಯಾಯಾಲಯದಲ್ಲಿ ಒಪ್ಪಿಕೊಂಡಿತು. ಅಷ್ಟರೊಳಗೆ ಸಾವಿರಾರು ಮನೆಗಳು ಹಾಳಾಗಿದ್ದವು.

ಈ ವಂಶದ ಮದ್ದುಗಳು ಕೊಲ್ಲುವ ಬಗೆ ಒಂದೇ: ಮಿದುಳಿನಲ್ಲಿ ಉಸಿರಾಟವನ್ನು ನಡೆಸುವ ಭಾಗ ಮಂಕಾಗುತ್ತದೆ, ಮಲಗಿದವರ ಉಸಿರು ನಿಲ್ಲುತ್ತದೆ. ನಲಾಕ್ಸೋನ್ ಎಂಬ ಮದ್ದನ್ನು ತಕ್ಷಣ ಕೊಟ್ಟರೆ ಉಸಿರು ಮರಳುವುದುಂಟು. ದಿನವೂ ಸೇವಿಸುವವರ ದೇಹ ಒಗ್ಗಿಹೋಗಿ ಹೆಚ್ಚು ಹೆಚ್ಚು ಪ್ರಮಾಣ ಬೇಡುತ್ತದೆ. ಕೆಲವು ವಾರ ಬಿಟ್ಟರೆ ಆ ಒಗ್ಗಿಕೆ ಇಳಿದುಬಿಡುತ್ತದೆ. ಚಟ ಬಿಟ್ಟು ಮನೆಗೆ ಬಂದವನು ‘ಒಮ್ಮೆ ಮಾತ್ರ’ ಎಂದು ಹಿಂದಿನಷ್ಟೇ ತೆಗೆದುಕೊಂಡಾಗ ಸಾಯುವುದು ಇದರಿಂದಲೇ.