ದೂರವೊಂದೇ, ಕಾಲ ಬೇರೆ: ಫ್ರಾಂಕ್‌ಫರ್ಟ್‌ನಿಂದ ಬರ್ಲಿನ್ನಿಗೆ

ದೂರವನ್ನು ವೇಗದಿಂದ ಭಾಗಿಸಿದರೆ ಕಾಲ ದೊರೆಯುತ್ತದೆಂದು ನಾವೆಲ್ಲರೂ ಶಾಲೆಯಲ್ಲಿ ಕಲಿತವರೇ. ಆದರೆ ಎರಡು ಊರುಗಳ ನಡುವೆ ಇತಿಹಾಸವೇ ಬಂದು ನಿಂತಾಗ ಆ ಸೂತ್ರ ಸಾಲದಾಗುತ್ತದೆ. ಜರ್ಮನಿಯ ಫ್ರಾಂಕ್‌ಫರ್ಟ್ ಮತ್ತು ಬರ್ಲಿನ್ ವಿಮಾನ ನಿಲ್ದಾಣಗಳ ನಡುವಿನ ಹಾದಿ ಇದಕ್ಕೆ ನಿದರ್ಶನ. ಆಕಾಶಮಾರ್ಗದಲ್ಲಿ ಅಂತರ ಸುಮಾರು 430 ಕಿಲೋಮೀಟರ್. ಇಂದು ಪ್ರಯಾಣಕ್ಕೆ 1 ಗಂಟೆ 10 ನಿಮಿಷದಷ್ಟು ಕಾಲ ಹಿಡಿಯುತ್ತದೆ.

1945ರಲ್ಲಿ ಯುದ್ಧ ಮುಗಿದಾಗ ಗೆದ್ದ ನಾಲ್ಕು ರಾಷ್ಟ್ರಗಳು ಜರ್ಮನಿಯನ್ನು ಹಂಚಿಕೊಂಡವು. ಬರ್ಲಿನ್ ನಗರವನ್ನೂ ನಾಲ್ಕು ಪಾಲು ಮಾಡಲಾಯಿತು; ಆದರೆ ಅದಿದ್ದದ್ದು ಸೋವಿಯತ್ ವಲಯದ ನಡುವೆ. ಅದೇ ವರ್ಷದ ನವೆಂಬರಿನಲ್ಲಿ ತಲಾ 32 ಕಿಲೋಮೀಟರ್ ಅಗಲದ ಮೂರು ವಾಯುಪಥಗಳಿಗೆ ಲಿಖಿತ ಒಪ್ಪಿಗೆ ದೊರೆಯಿತು. ರಸ್ತೆ, ರೈಲುಗಳಿಗೆ ಅಂಥ ಭದ್ರವಾದ ಬರಹವಿರಲಿಲ್ಲ. ಆ ಒಂದು ಕಾಗದವೇ ಮುಂದೆ ಒಂದು ನಗರದ ಪ್ರಾಣ ಉಳಿಸಿತು.

ಹೊಸ ನಾಣ್ಯ ಪದ್ಧತಿಯ ವಿವಾದ ಬೆಳೆದು, 1948ರ ಜೂನ್ 24ರಂದು ಸೋವಿಯತ್ ಪಡೆಗಳು ಪಶ್ಚಿಮ ಬರ್ಲಿನ್ನಿನ ನೆಲದ ಹಾದಿಗಳನ್ನೆಲ್ಲ ಮುಚ್ಚಿದವು. ಒಳಗೆ ಸಿಲುಕಿದವರು 20 ಲಕ್ಷಕ್ಕೂ ಹೆಚ್ಚು ಜನ. ಅನ್ನವೂ ಉರುವಲೂ ಇನ್ನು ಆಕಾಶದಿಂದಲೇ ಇಳಿಯಬೇಕಾಯಿತು. ಸುಮಾರು 10 ಟನ್ ಹೊತ್ತ ಸಿ-54 ವಿಮಾನಗಳು ಫ್ರಾಂಕ್‌ಫರ್ಟ್‌ನಿಂದ ದಕ್ಷಿಣದ ಪಥದಲ್ಲಿ ಹೊರಟು, ಒಂದೂವರೆ ಗಂಟೆಗೂ ಮಿಕ್ಕಿ ಹಾರಿ ಟೆಂಪೆಲ್‌ಹೋಫ್ ನಿಲ್ದಾಣದಲ್ಲಿ ಇಳಿಯುತ್ತಿದ್ದವು. ಮರಳುವಾಗ ನಡುವಿನ ಪಥ. ಮೂರು ನಿಮಿಷಕ್ಕೊಂದರಂತೆ ಸಾಲು. ಒಮ್ಮೆ ಇಳಿಯಲಾಗದಿದ್ದರೆ ಮರುಯತ್ನವಿಲ್ಲ, ಹೊರೆಸಹಿತ ಹಿಂದಿರುಗಬೇಕು. ಈ ಶಿಸ್ತನ್ನು ತಂದವರು ಜನರಲ್ ವಿಲಿಯಂ ಟನ್ನರ್. ನಮ್ಮ ಅಸ್ಸಾಮಿನಿಂದ ಹಿಮಾಲಯ ದಾಟಿ ಚೀನಾಕ್ಕೆ ಸರಕು ಸಾಗಿಸಿದ ಯುದ್ಧಕಾಲದ ವಿಮಾನಯಾನವನ್ನು ನಡೆಸಿದ್ದವರೂ ಇವರೇ.

ಸಾಗಿಸಿದ ಭಾರದಲ್ಲಿ ಮೂರನೆಯ ಎರಡು ಪಾಲು ಕಲ್ಲಿದ್ದಲು. 1949ರ ಏಪ್ರಿಲ್ 16ಕ್ಕೆ ಮುಗಿದ 24 ಗಂಟೆಗಳಲ್ಲಿ 1,398 ವಿಮಾನಗಳು ಬಂದಿಳಿದವು. ಎಂದರೆ ನಿಮಿಷಕ್ಕೆ ಸರಿಸುಮಾರು ಒಂದು! ಮೇ 12ರಂದು ದಿಗ್ಬಂಧನ ತೆರವಾಯಿತು. ಸೆಪ್ಟೆಂಬರಿನವರೆಗೆ ಮುಂದುವರಿದ ಈ ಕಾರ್ಯದಲ್ಲಿ ಒಟ್ಟು ಸುಮಾರು 2,78,000 ಹಾರಾಟಗಳು, 23 ಲಕ್ಷ ಟನ್ ಸರಕು. ಪ್ರಾಣ ತೆತ್ತವರು ನೂರಕ್ಕೂ ಹೆಚ್ಚು ಮಂದಿ. ಮೂರು ವರ್ಷಗಳ ಹಿಂದೆ ಅದೇ ನಗರದ ಶತ್ರುಗಳಾಗಿದ್ದ ಅಮೆರಿಕ ಮತ್ತು ಬ್ರಿಟನ್ನಿನ ಯೋಧರೂ ಅವರಲ್ಲಿದ್ದರೆಂಬುದನ್ನು ನೆನೆದಾಗ ನನ್ನ ಮನಸ್ಸು ಮೂಕವಾಗುತ್ತದೆ.

ವಾಯುಪಥಗಳ ಕಟ್ಟು ಮಾತ್ರ 1990ರವರೆಗೂ ಸಡಿಲಲಿಲ್ಲ. ಪಶ್ಚಿಮ ಬರ್ಲಿನ್ನಿಗೆ ಅಮೆರಿಕ, ಬ್ರಿಟನ್, ಫ್ರಾನ್ಸ್ ದೇಶಗಳ ವಿಮಾನಗಳಷ್ಟೇ ಹಾರಬಹುದಿತ್ತು. ಜರ್ಮನರದೇ ಆದ ಲುಫ್ತಾನ್ಸಾಗೆ ಪ್ರವೇಶವಿರಲಿಲ್ಲ. ವಾಡಿಕೆಯಂತೆ 10,000 ಅಡಿಗಿಂತ ಮೇಲೇರುವಂತಿರಲಿಲ್ಲ. ಎತ್ತರದಲ್ಲಿ ಹಾರಲೆಂದೇ ರೂಪುಗೊಂಡ ಜೆಟ್ ವಿಮಾನಗಳು ಹೆಚ್ಚು ಇಂಧನ ಸುಡುತ್ತ, ಮೋಡಗಳ ನಡುವೆ ಓಲಾಡುತ್ತ ಸಾಗಬೇಕಿತ್ತು. 1990ರ ಅಕ್ಟೋಬರಿನಲ್ಲಿ ಜರ್ಮನಿ ಒಂದಾಯಿತು. ಅದೇ ತಿಂಗಳು ಲುಫ್ತಾನ್ಸಾ ಬರ್ಲಿನ್ನಿಗೆ ಮರಳಿತು.

ಟೆಂಪೆಲ್‌ಹೋಫ್ 2008ರಲ್ಲಿ ಮುಚ್ಚಿತು. ಈಗ ಅದು ಸಾರ್ವಜನಿಕ ಉದ್ಯಾನ. ಅಲ್ಲಿ 1951ರಲ್ಲಿ ನಿಲ್ಲಿಸಿದ ಸ್ಮಾರಕವೊಂದಿದೆ. ಅದರ ಮೂರು ಬಾಗಿದ ಕವಲುಗಳು ಮೂರು ವಾಯುಪಥಗಳ ಸಂಕೇತ. 1985ರಲ್ಲಿ ಅದರ ಜೋಡಿಯೊಂದು ಫ್ರಾಂಕ್‌ಫರ್ಟ್‌ನಲ್ಲಿಯೂ ಎದ್ದುನಿಂತಿತು. ಆ ಕಡೆ ಪಯಣಿಸುವ ನನ್ನ ಹಳೆಯ ವಿದ್ಯಾರ್ಥಿಗಳು ಎರಡನ್ನೂ ನೋಡಿಬರಲಿ. ಇಂದಿನ ಆ 70 ನಿಮಿಷಗಳ ನಿಶ್ಚಿಂತ ಪ್ರಯಾಣದ ಬೆಲೆ ಟಿಕೆಟ್ಟಿನಲ್ಲಿ ಬರೆದದ್ದಷ್ಟೇ ಅಲ್ಲವೆಂಬುದು ಆಗ ತಿಳಿದೀತು.