ಹೆದ್ದಾರಿಗೆ ಮಂತ್ರಾಲಯ ಇದೆ, ಹಾಡಿ ದಾರಿಗೆ ಯಾರಿದ್ದಾರೆ?



ಹಾರಂಗಿ ಸುತ್ತಲಿನ ಹಾಡಿ, ಲೈನ್‌ಮನೆಗಳಿಗೆ ಹೋದಾಗೆಲ್ಲ ನಂಗೆ ಎದುರಾಗೋದು ಒಂದೇ ಪ್ರಶ್ನೆ: "ಅಣ್ಣಾ, ಕುಶಾಲನಗರದಲ್ಲಿ ಅಷ್ಟು ದೊಡ್ಡ ಹೈವೇ ಇದೆ, ನಮ್ಮನೆ ಹತ್ರ ಆಂಬುಲೆನ್ಸ್ ಯಾಕೆ ಬರಲ್ಲ?" ಇದಕ್ಕೆ ಉತ್ತರ ಬೇಕಂದ್ರೆ ದಿಲ್ಲಿಯ ಸಾರಿಗೆ ಮಂತ್ರಾಲಯದ ಚರಿತ್ರೆ ಓದ್ಬೇಕು.

ಈ ಮಂತ್ರಾಲಯದ ಬೇರು ಯುದ್ಧದಲ್ಲಿದೆ. 1942ರ ಜುಲೈನಲ್ಲಿ ಬ್ರಿಟಿಷರು ಸಂಪರ್ಕ ಇಲಾಖೆಯನ್ನ ಒಡೆದು 'ಯುದ್ಧ ಸಾರಿಗೆ ಇಲಾಖೆ' ಮಾಡಿದರು. ಬಂದರು, ಲಾರಿ, ಪೆಟ್ರೋಲ್ ರೇಷನ್ ನೋಡಿಕೊಳ್ಳೋದು ಅದರ ಕೆಲಸ. ಜನ ಓಡಾಡಲಿ ಅಂತ ಹುಟ್ಟಿದ್ದಲ್ಲ, ಯುದ್ಧದ ಸರಕು ಸಾಗಲಿ ಅಂತ ಹುಟ್ಟಿದ್ದು.

ಅದೇ ತಿಂಗಳು ಬಾಬಾಸಾಹೇಬರು ವೈಸರಾಯ್ ಮಂಡಳಿಯಲ್ಲಿ ಕಾರ್ಮಿಕ ಸದಸ್ಯರಾದರು. ನೀರಾವರಿ, ವಿದ್ಯುತ್ ಅವರ ಕೈಯಲ್ಲಿತ್ತು. 1945ರಲ್ಲಿ ಅವರ ಕಾಲದಲ್ಲೇ ಕೇಂದ್ರ ಜಲಮಾರ್ಗ, ನೀರಾವರಿ ಮತ್ತು ನೌಕಾಯಾನ ಆಯೋಗ ಬಂತು. ಹೆಸರು ಗಮನಿಸಿ. ಒಂದೇ ನದಿಯಿಂದ ನೀರಾವರಿ, ವಿದ್ಯುತ್, ಸಾರಿಗೆ ಎಲ್ಲವೂ ಒಟ್ಟಿಗೆ ಬರಬೇಕು ಅನ್ನೋದು ಅವರ ಯೋಚನೆ.

1943ರಲ್ಲಿ ನಾಗ್ಪುರದಲ್ಲಿ ಸೇರಿದ ಮುಖ್ಯ ಎಂಜಿನಿಯರುಗಳು ರಸ್ತೆಗಳನ್ನ ದರ್ಜೆ ಮಾಡಿದರು: ರಾಷ್ಟ್ರೀಯ, ಪ್ರಾಂತೀಯ, ಜಿಲ್ಲಾ, ಹಳ್ಳಿ ರಸ್ತೆ. ಖರ್ಚು ಯಾರದ್ದು ಅಂತ ಹಂಚೋಕೆ ಅದು ಬೇಕಿತ್ತು, ಸರಿ. ಆದ್ರೆ ರಸ್ತೆಗೂ ಮೇಲು-ಕೀಳು ಬಂತು ನೋಡಿ.

ಸ್ವಾತಂತ್ರ್ಯದ ನಂತ್ರ ಮಂತ್ರಾಲಯ ಹೆಸರು ಬದಲಿಸ್ತಾನೇ ಇದೆ. 1985ರಲ್ಲಿ ರೈಲು, ವಿಮಾನ, ಭೂಸಾರಿಗೆ ಮೂರನ್ನೂ ಒಂದೇ ಸೂರಿನಡಿ ತಂದರು, ಮರುವರ್ಷವೇ ಬಿಡಿಸಿದರು. 2000ದಲ್ಲಿ ರಸ್ತೆ ಬೇರೆ, ಹಡಗು ಬೇರೆ ಆಯ್ತು. 2004ರಲ್ಲಿ ಮತ್ತೆ ಕೂಡಿಸಿ, 2009ರಲ್ಲಿ ಮತ್ತೆ ಒಡೆದರು. ನಡುವೆ 1988ರ ಕಾಯ್ದೆಯಿಂದ ಹೆದ್ದಾರಿ ಪ್ರಾಧಿಕಾರ ಬಂತು.

ಸಂವಿಧಾನದ ಏಳನೇ ಅನುಸೂಚಿ ಪ್ರಕಾರ ರೈಲು, ರಾಷ್ಟ್ರೀಯ ಹೆದ್ದಾರಿ ಕೇಂದ್ರದ್ದು, ಉಳಿದ ರಸ್ತೆ ರಾಜ್ಯದ್ದು. ಕೊಡಗಿಗೆ ರೈಲು ಇವತ್ತಿಗೂ ಬಂದಿಲ್ಲ. ಕುಶಾಲನಗರ-ಮಡಿಕೇರಿ ಮೇಲೆ ಹೋಗೋ 275ನೇ ಹೆದ್ದಾರಿ ಮಂತ್ರಾಲಯದ ಲೆಕ್ಕದಲ್ಲಿದೆ. ಹಳ್ಳಿ ರಸ್ತೆಗೆ 2000ದಲ್ಲಿ ಬಂದ ಗ್ರಾಮ ಸಡಕ್ ಯೋಜನೆ ಗ್ರಾಮೀಣಾಭಿವೃದ್ಧಿ ಮಂತ್ರಾಲಯದ್ದು. ಅದು ಶುರುವಿನಲ್ಲಿ ಕೇಳಿದ್ದು ತಲೆ ಲೆಕ್ಕ: ಬಯಲಲ್ಲಿ 500 ಜನ, ಗುಡ್ಡಗಾಡು, ಬುಡಕಟ್ಟು ಪ್ರದೇಶದಲ್ಲಿ 250. ನಲವತ್ತು ಮನೆಯ ಹಾಡಿ ಆ ಲೆಕ್ಕಕ್ಕೆ ಬರುತ್ತಾ? ಎಸ್ಟೇಟ್ ಒಳಗಿನ ಲೈನ್‌ಮನೆ ದಾರಿಯಂತೂ ಮಾಲೀಕರದ್ದು. ಕಾಡಿನ ದಾರಿ ಅರಣ್ಯ ಇಲಾಖೆದು. ಕಾಫಿ ಕೊಯ್ಯೋ ಕೈಗಳಿಗೆ ಮಾತ್ರ ದಾರಿ ಇಲ್ಲ.

ಹಾರಂಗಿ ನೀರು ಕಾಲುವೆ ಹಿಡಿದು ಪಿರಿಯಾಪಟ್ಟಣ, ಹುಣಸೂರಿನ ಗದ್ದೆವರೆಗೂ ಹೋಗುತ್ತೆ. ನೀರಿಗೆ ದಾರಿ ಮಾಡೋಕೆ ಗೊತ್ತಿದ್ದ ಸರ್ಕಾರಕ್ಕೆ ಬಸುರಿ ಹೆಂಗಸನ್ನ ಆಸ್ಪತ್ರೆಗೆ ತಲುಪಿಸೋ ದಾರಿ ಮಾಡೋಕೆ ಗೊತ್ತಿಲ್ವಾ?

ನಮಗೆ ರಸ್ತೆ ಅಂದ್ರೆ ಬರೀ ಡಾಂಬರಲ್ಲ. 1924ರಲ್ಲಿ ವೈಕಂನಲ್ಲಿ ಸತ್ಯಾಗ್ರಹ ನಡೆದದ್ದು ದೇವಸ್ಥಾನದ ಸುತ್ತಲಿನ ರಸ್ತೆಯಲ್ಲಿ ನಡೆಯೋ ಹಕ್ಕಿಗೆ. ಅದಕ್ಕೇ ಸಂವಿಧಾನದ 15(2)ನೇ ವಿಧಿಯಲ್ಲಿ ಬಾವಿ, ಕೆರೆ ಜೊತೆಗೆ ರಸ್ತೆ ಅನ್ನೋ ಪದವೂ ಇದೆ. ಅಲ್ಲಿ ರಸ್ತೆ ಇತ್ತು, ನಮ್ಮನ್ನ ಬಿಡ್ತಿರಲಿಲ್ಲ. ಇಲ್ಲಿ ಬಿಡ್ತೀವಿ ಅಂತಾರೆ, ರಸ್ತೆನೇ ಇಲ್ಲ.

ಈಗ ಮಾಡಬೇಕಾದ ಕೆಲಸ ಹೇಳ್ತೀನಿ. ಅರಣ್ಯ ಹಕ್ಕು ಕಾಯ್ದೆ 2006ರ ಕಲಂ 3(2) ಪ್ರಕಾರ, ಗ್ರಾಮಸಭೆ ಶಿಫಾರಸು ಮಾಡಿದ್ರೆ ರಸ್ತೆಗೆ ಒಂದು ಹೆಕ್ಟೇರಿಗಿಂತ ಕಡಿಮೆ ಕಾಡು ಜಾಗ ಕೊಡಬಹುದು, ಹೆಕ್ಟೇರಿಗೆ 75 ಮರ ಮೀರದಂತೆ. ಮುಂದಿನ ಗ್ರಾಮಸಭೆಗೆ ಹಾಡಿಯವರೆಲ್ಲ ಬನ್ನಿ. ಠರಾವು ಬರೆಸಿ, ನಕಲು ಕೈಗೆ ತಗೊಂಡೇ ಎದ್ದು ಬನ್ನಿ. ದಾರಿ ಯಾವ ಇಲಾಖೆದು ಅಂತ ಹುಡುಕೋದು ಅಧಿಕಾರಿಗಳ ಕೆಲಸ, ನಮ್ಮದಲ್ಲ.